ಮಗ್ಗದ ಕುಣಿಗಿಳಿದ ಮಾಸ್ತರು

ಬೆಟಗೇರಿಯ ನಮ್ಮ ನೇಕಾರಿಕೆ ತರಬೇತಿ ಶಾಲೆಯಲ್ಲಿ ಕರಿಹಲಗೆಯ ಪಾಠ ನನ್ನದು, ಮಗ್ಗದ ಪಾಠ ಉಡಚಪ್ಪನದು. ಡಿಪ್ಲೊಮಾ ಮಾಡಿದವನೆಂಬ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು, ಸುಳ್ಳೇಕೆ ಹೇಳಲಿ. ಉಡಚಪ್ಪ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಅವನ ಕೈಯಲ್ಲಿ ಲಾಳಿ ಓಡುವುದನ್ನು ನೋಡುತ್ತ ಮುಂಡರಗಿ, ಶಿರಹಟ್ಟಿಯಿಂದ ಬಂದ ಹುಡುಗರು ಊಟದ ಗಂಟೆಯನ್ನೇ ಮರೆಯುತ್ತಿದ್ದರು.

ನಾಡು ಒಂದಾಗಿ ನಾಲ್ಕು ತಿಂಗಳಾಗಿತ್ತು. ಮೈಸೂರು ಕಡೆಯ ಹೊಸ ಸಾಹೇಬರು ಕಾಗದ ಕಳಿಸಿದರು: ಕಲಿಸುವವರೆಲ್ಲ ತಮ್ಮೆದುರು ಒಂದು ಪಾಠ ಮಾಡಿ ತೋರಿಸಬೇಕು, ಮಾಡಲಾಗದವರು ಮಗ್ಗ ರಿಪೇರಿ ಕೆಲಸಕ್ಕೆ. ಉಡಚಪ್ಪನ ಮುಖ ಬಾಡಿತು. ನಾಲ್ಕು ಜನರ ಎದುರು ನಿಂತರೆ ಅವನ ಬಾಯಿಗೆ ಬೀಗ ಬೀಳುತ್ತಿತ್ತು.

ಚಿತ್ರಕಲೆ ಕಲಿಸುವ ಲಕ್ಷ್ಮೇಶ್ವರದ ಯಮುನಾಬಾಯಿ ದಾರಿ ಹುಡುಕಿದರು. "ಶನಿವಾರಕ್ಕೊಮ್ಮೆ ನಾವ ಒಬ್ಬರಿಗೊಬ್ಬರು ಪಾಠ ಮಾಡೂಣ್ರಿ. ಒಬ್ಬರು ಮಾಸ್ತರು, ಉಳಿದವರು ಹುಡುಗರು. ಹುಡುಗ ಆದವ ಶಾಣ್ಯಾತನ ತೋರಸಬಾರದು." ಕೊನೆಯ ಮಾತನ್ನು ನನ್ನ ಕಡೆ ನೋಡಿಯೇ ಅಂದರು.

ಮೂರು ಶನಿವಾರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆವು. ಉಡಚಪ್ಪ ಸೀಮೆಸುಣ್ಣದ ಖಡು ಹಿಡಿದು ನಿಂತ, ಬೆವರು ಒರೆಸಿಕೊಂಡ, ಕೂತ. ನಾನು ಉದ್ದನೆಯ ಭಾಷಣ ಬರೆದುಕೊಟ್ಟೆ. ಅದನ್ನು ಬಾಯಿಪಾಠ ಮಾಡಹೋಗಿ ಇನ್ನಷ್ಟು ಮೂಕನಾದ.

ಸಾಹೇಬರು ಬಂದೇಬಿಟ್ಟರು. ಶನಿವಾರದ ರೂಢಿಯಂತೆ ನಾವೂ ಹುಡುಗರ ನಡುವೆ ಕೂತೆವು. ಉಡಚಪ್ಪ ಮಗ್ಗದ ಪಕ್ಕ ನಿಂತು ಗೋಡೆ ನೋಡತೊಡಗಿದ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ನಾನೇ ಚಂದಾಗಿ ನೇಯ್ದು, 'ಕಲಿಸಿದವ ಇವನೇ' ಎಂದರಾಯಿತು ಎಂದುಕೊಂಡು ಧೋತರ ಎತ್ತಿಕಟ್ಟಿ ಮಗ್ಗದ ಕುಣಿಗೆ ಕಾಲಿಳಿಸಿ ಕೂತೆ. ಹದಿನೈದು ವರ್ಷ ಕರಿಹಲಗೆಯ ಮೇಲೆ ಆ ಮಗ್ಗದ ಚಿತ್ರ ಬರೆದವನು ನಾನು. ಅದರಲ್ಲಿ ಕೂತದ್ದು ಮಾತ್ರ ಅವತ್ತೇ ಮೊದಲು.

ಲಾಳಿ ಎಸೆದೆ, ನಡುವೆಯೇ ನಿಂತಿತು. ಎರಡೂ ಕಾಲು ಒಟ್ಟಿಗೆ ತುಳಿದು, ನೂಲನ್ನು ಒತ್ತಿ ಕೂಡಿಸುವ ಹಣಿಗೆಯನ್ನು ಜೋರಾಗಿ ಜಗ್ಗಿದೆ. ಪಟಪಟನೆ ಹನ್ನೊಂದು ಎಳೆ ಹರಿದವು.

"ಏ, ಬಿಡ್ರಿ!" ಉಡಚಪ್ಪ ಚೀರಿದ. "ಲಾಳಿ ಆಚೆ ದಂಡಿ ಮುಟ್ಟೂತನಕ ಜಗ್ಗಬ್ಯಾಡ್ರಿ! ಎರಡೂ ಕಾಲು ಕೂಡೇ ತುಳದ್ರ ಎಳಿ ಹೆಂಗ ಬ್ಯಾರೆ ಆಗ್ತಾವ? ಹುಡುಗ್ರಾ, ಬರ್ರಿ ಇಲ್ಲೆ, ನೋಡ್ರಿ!"

ಎಳೆಗಳಿಗೆ ಒಂದೊಂದಾಗಿ ಗಂಟು ಹಾಕುತ್ತ ಮುಕ್ಕಾಲು ತಾಸು ಮಾತಾಡಿದ. ಕಾಲು, ಕೈ, ಕಣ್ಣು ಹೇಗೆ ಕೂಡಿ ನಡೆಯಬೇಕೆಂದು ತೋರಿಸಿದ. ಸಾಹೇಬರು ಕೋಟು ಕಳಚಿ ಬಗ್ಗಿ ನೋಡಿದರು. ನಾನು ಬೈಸಿಕೊಳ್ಳುತ್ತ ಕುಣಿಯಲ್ಲೇ ಕೂತಿದ್ದೆ, ಅಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ.

"ಪಾಠ ಅಂದ್ರೆ ಇದು ಕಣ್ರೀ," ಎಂದು ಸಾಹೇಬರು ಸಹಿ ಹಾಕಿದರು. "ಆದರೆ ಆ ವಿದ್ಯಾರ್ಥಿಗೆ ಇನ್ನೊಂದು ವರ್ಷ ಬೇಕಾಗುತ್ತೆ." ಶಾಲೆಗೆ ಶಾಲೆಯೇ ನಕ್ಕಿತು.

ಸಂಜೆ ಚುರುಮುರಿ, ಮಿರ್ಚಿ ಬಂದವು. "ಗೆಳೆಯನ ಸಲುವಾಗಿ ಬೇಕಂತ ತಪ್ಪು ಮಾಡಿದ್ರಿ. ದೊಡ್ಡ ಮನಸು ನಿಮ್ಮದು, ರಾಮಚಂದ್ರರಾಯರ," ಎಂದು ಯಮುನಾಬಾಯಿ ಕಣ್ಣೊರೆಸಿಕೊಂಡರು. ನಾನು ಅಲ್ಲ ಅನ್ನಲಿಲ್ಲ. ಇನ್ನೊಂದು ಮಿರ್ಚಿ ತಗೊಂಡೆ.

ಉಡಚಪ್ಪ ಪಕ್ಕ ಬಂದು ಕೂತ. "ಮಾಸ್ತರ, ನೀವು ಬೇಕಂತ ಮಾಡಿಲ್ಲ, ನನಗ ಗೊತ್ತೈತಿ," ಎಂದ, ನನಗಷ್ಟೇ ಕೇಳುವಂತೆ. "ಯಾರಿಗೂ ಹೇಳಂಗಿಲ್ಲ. ಶನಿವಾರ ಜಲ್ದಿ ಬರ್ರಿ. ಎಡಗಾಲಿಂದ ಸುರು ಮಾಡೂಣು."

ಆ ಶನಿವಾರ ಎಲ್ಲರಿಗಿಂತ ಮೊದಲು ಹೋಗಿ ಕುಣಿಯಲ್ಲಿ ಕೂತವನು ನಾನು.