ಹತ್ತು ತಿಂಗಳ ನಿವಾಸಿ

ಓಸ್ಟರ್‌ಹೋರ್ನ್ ಗ್ರಾಮ ಮಂಡಳಿಯ ಪತ್ರ ಇಂಕೆನ್ ಪೌಲ್ಸೆನ್‌ಳ ಕೈ ಸೇರಿದ್ದು ಮಾರ್ಚ್ ಒಂಬತ್ತರಂದು. ಅಗ್ನಿಶಾಮಕ ದಳದ ವಾಹನ, ಪಂಪು, ಉಸಿರಾಟದ ಉಪಕರಣಗಳನ್ನು ನೋಡಿಕೊಳ್ಳುವ ಪೂರ್ಣಾವಧಿ ಕೆಲಸ. ಕೈಗೆ ಬರುವ ಸಂಬಳ ತಿಂಗಳಿಗೆ 2,490 ಯೂರೊ. ನೀಬ್ಯುಲ್‌ನ ಲಾರಿ ರಿಪೇರಿ ಶೆಡ್ಡಿನಲ್ಲಿ ಅವಳಿಗೆ ಸಿಗುತ್ತಿದ್ದುದು 2,080. ಷರತ್ತು ಒಂದೇ: ಸೈರನ್ ಕೂಗಿದ ಐದು ನಿಮಿಷದೊಳಗೆ ಠಾಣೆ ತಲುಪುವಂತೆ ಊರಿನಲ್ಲೇ ವಾಸವಿರಬೇಕು. ಒಪ್ಪಿಗೆ ತಿಳಿಸಲು ಏಪ್ರಿಲ್ ಹದಿನೈದರವರೆಗೆ ಗಡುವು.

ಅವಳು ಹುಟ್ಟಿದ್ದು ಕಡಲಾಚೆಯ ಪ್ರವಾಸಿ ದ್ವೀಪದಲ್ಲಿದ್ದ ಆ ಊರಿನಲ್ಲೇ. ಹದಿನೆಂಟನೇ ವಯಸ್ಸಿಗೆ ಅಲ್ಲಿನ ದಳಕ್ಕೆ ಸ್ವಯಂಸೇವಕಿಯಾಗಿ ಸೇರಿದ್ದಳು. ಹನ್ನೊಂದು ವರ್ಷದ ಹಿಂದೆ ಅವಳೂ ಗಂಡ ಮೊಮ್ಮೆಯೂ ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಬಿಡಿಸಿಕೊಂಡು, ಪ್ರವಾಸಿಗರಿಗೆ ವಾರದ ಲೆಕ್ಕದಲ್ಲಿ ಕೊಡಲು ಶುರುಮಾಡಿದರು. ಬೇರೆ ಮನೆ ಸಿಗಲಿಲ್ಲ. ಇಬ್ಬರೂ ಈಚೆ ದಡದ ನೀಬ್ಯುಲ್‌ಗೆ ಬಂದರು.

ಮೊಮ್ಮೆ ಟೈಲ್ಸ್ ಹಾಕುವವನು. ಅವನ ಕೆಲಸವೆಲ್ಲ ಈಗಲೂ ದ್ವೀಪದಲ್ಲೇ. ಬೆಳಗಿನ 5.22ರ ರೈಲಿನಲ್ಲಿ ಅಡುಗೆಯವರು, ದಾದಿಯರು, ಪ್ಲಂಬರ್‌ಗಳ ಜೊತೆ ನಿಂತುಕೊಂಡೇ ಕಡಲ ನಡುವಿನ ಏರಿ ದಾಟುತ್ತಾನೆ. ಸಂಜೆ ಹಾಗೆಯೇ ಮರಳುತ್ತಾನೆ. ರೈಲು ತಡವಾಗದಿದ್ದರೆ ಹೋಗಿಬರಲು ಎರಡೂವರೆ ಗಂಟೆ. ರೈಲು ತಡವಾಗದ ದಿನ ವಾರಕ್ಕೆ ಒಂದೋ ಎರಡೋ.

"ಮನೆ ಬಗ್ಗೆ ತಲೆ ಕೆಡಿಸ್ಕೋಬೇಡ," ಎಂದು ಗ್ರಾಮಾಧ್ಯಕ್ಷ ಹಾಯೆ ಬೋಂಡಿಸ್ ಫೋನಿನಲ್ಲಿ ಹೇಳಿದ. ಅವನೂ ಇಂಕೆನ್‌ಳೂ ಒಂದೇ ತರಗತಿಯಲ್ಲಿ ಓದಿದವರು. "ಹಳೇ ಶಾಲೆ ಮಹಡಿ ಮೇಲೆ ಮಂಡಳಿದೇ ಎರಡು ರೂಮಿನ ಮನೆ ಇದೆ. ಸಾವಿರದ ನಾನೂರ ಎಂಬತ್ತು."

"ವರ್ಷಕ್ಕಾ?" ಎಂದಳು ಇಂಕೆನ್.

"ಹಳೇ ಚಾಳಿ ಬಿಟ್ಟಿಲ್ಲ ನೀನು."

ನೀಬ್ಯುಲ್‌ನ ಮನೆಗೆ ಅವರು ಕೊಡುತ್ತಿದ್ದುದು 760. ಬಾಡಿಗೆಯಲ್ಲೇ 720 ಹೆಚ್ಚು; ಸಂಬಳದಲ್ಲಿ 410 ಹೆಚ್ಚು; ಮೊಮ್ಮೆಯ ರೈಲು ಪಾಸಿನ 63 ಉಳಿತಾಯ. ಊಟದ ಮೇಜಿನ ಮೇಲೆ ಇಂಕೆನ್ ಕೂಡಿ ಕಳೆದಳು. ಹೆಚ್ಚು ಸಂಬಳದ ಕೆಲಸಕ್ಕೆ ಹೋದರೆ ತಿಂಗಳಿಗೆ 247 ಯೂರೊ ಕಡಿಮೆ ಬೀಳುತ್ತದೆ.

"ನನಗೆ ತಿಂಗಳಿಗೆ ಐವತ್ತು ಗಂಟೆ ವಾಪಸ್ ಸಿಗುತ್ತೆ ಕಣೇ," ಎಂದ ಮೊಮ್ಮೆ. "ಗಂಟೆಗೆ ಐದು ಯೂರೊನೂ ಬೀಳಲ್ಲ. ಆ ದ್ವೀಪದಲ್ಲಿ ಅಷ್ಟಕ್ಕೆ ಒಂದು ಕಾಫಿ ಕೊಡಲ್ಲ." ಅವನು ನಗಲಿಲ್ಲ. ಐವತ್ತೆರಡು ವರ್ಷ, ಮಂಡಿ ಹೋಗಿತ್ತು. ಬೋಗಿಯಲ್ಲಿ ನಿಂತು ಬಂದ ದಿನ ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿಯುತ್ತಿದ್ದ. ಆ ಐವತ್ತು ಗಂಟೆಗಾಗಿಯೇ ಇಂಕೆನ್ ಶನಿವಾರ ಮನೆ ನೋಡಲು ಹೊರಟದ್ದು.

ಮನೆ ಚೆನ್ನಾಗಿತ್ತು. ಅಡುಗೆಮನೆಯ ಕಿಟಕಿಯಿಂದ ಠಾಣೆಯ ಕೆಂಪು ಬಾಗಿಲು ಕಾಣುತ್ತಿತ್ತು. ನಡೆದರೆ ಎರಡು ನಿಮಿಷ. ಮೊಮ್ಮೆ ಬಚ್ಚಲಿಗೆ ಹೋಗಿ ಟೈಲ್ಸ್ ತಟ್ಟಿ ನೋಡಿ, "ಯಾರೋ ಕುಡಿದು ಹಾಕಿದ್ದಾನೆ, ಪರವಾಗಿಲ್ಲ, ಸರಿ ಮಾಡ್ತೀನಿ," ಎಂದ. ಅವನ ಮುಖದಲ್ಲಿ ಆಸೆ ಇತ್ತು. ಹಾಯೆ ಕರಾರು ಪತ್ರ ಬಿಡಿಸಿಟ್ಟ. ಇಂಕೆನ್ ನಾಲ್ಕನೇ ಕಲಮಿಗೆ ಬಂದು ನಿಂತಳು. ಜುಲೈ ಒಂದರಿಂದ ಆಗಸ್ಟ್ ಮೂವತ್ತೊಂದರವರೆಗೆ ಬಾಡಿಗೆದಾರರು ಮನೆ ಖಾಲಿ ಮಾಡತಕ್ಕದ್ದು. ಆ ಎರಡು ತಿಂಗಳ ಬಾಡಿಗೆ ಇರುವುದಿಲ್ಲ.

"ಇದೇನಿದು?"

"ಸೀಸನ್ ಕಣೇ. ಆ ಎರಡು ತಿಂಗಳು ಪ್ರವಾಸಿಗರಿಗೆ ಕೊಡ್ತೀವಿ. ವಾರಕ್ಕೆ ಎರಡು ಸಾವಿರದ ನೂರು. ನಿನ್ನ ಸಂಬಳ ಮತ್ತೆಲ್ಲಿಂದ ಬರುತ್ತೆ ಅನ್ಕೊಂಡೆ?"

"ನಾವೆಲ್ಲಿರಬೇಕು?"

"ಠಾಣೆ ಹಿಂದೆ ಒಂದು ಕ್ಯಾರವಾನ್, ಚಕ್ರದ ಮೇಲಿನ ಮನೆ, ನಿಲ್ಲಿಸ್ತೀವಿ. ಕರೆಂಟು, ನೀರು ಎಲ್ಲಾ ಇರುತ್ತೆ. ಬೇಸಿಗೆ ತಾನೇ, ಮಜವಾಗಿರುತ್ತೆ."

"ಹಾಗಾದ್ರೆ ನೀನೇ ಇರು," ಎಂದ ಮೊಮ್ಮೆ, ಬಚ್ಚಲ ಬಾಗಿಲಿನಿಂದ.

"ಮೂವತ್ತೊಂಬತ್ತು ಹುಲ್ಲಿನ ಚಾವಣಿ ಇದೆ ಈ ಊರಲ್ಲಿ," ಎಂದಳು ಇಂಕೆನ್. "ಎಲ್ಲದರಲ್ಲೂ ಜನ ತುಂಬಿ, ಹೊರಗೆ ಮಾಂಸ ಸುಡ್ತಾ ಕೂತಿರೋದು ಆ ಎರಡು ತಿಂಗಳೇ. ಆಗಲೇ ನನ್ನ ಕ್ಯಾರವಾನ್‌ಗೆ ಹಾಕ್ತೀಯ. ಚಳಿಗಾಲದಲ್ಲಿ ಖಾಲಿ ಮನೆಗಳನ್ನ ಕಾಯೋಕೆ ಮನೆ ಕೊಡ್ತೀಯ."

"ಕೂಗಾಡಬೇಡ. ನನಗೂ ಬೇರೆ ದಾರಿ ಇಲ್ಲ. ದಳದಲ್ಲಿ ಒಂಬತ್ತು ಜನ ಉಳಿದಿದ್ದಾರೆ. ಇಪ್ಪತ್ತೇಳು ಬೇಕು."

"ಊರಿನ ದಾಖಲೆಯಲ್ಲಿ ಎಷ್ಟು ಜನ ಇದ್ದಾರೆ?"

"ನಾನೂರ ಹನ್ನೆರಡು."

"ಎಲ್ಲಿದ್ದಾರೆ?"

ಹಾಯೆ ಕರಾರು ಪತ್ರ ಮಡಿಚಿದ. ಊರಿನ ಹೊಸ ಮನೆಗಳಿಗೆಲ್ಲ ಪರವಾನಗಿ ಸಿಕ್ಕಿದ್ದು, ಅಲ್ಲಿ ಜನ ವರ್ಷಪೂರ್ತಿ ವಾಸಿಸಬೇಕೆಂಬ ಷರತ್ತಿನ ಮೇಲೆ. ಹ್ಯಾಂಬರ್ಗ್‌ನಲ್ಲೋ ಡ್ಯುಸೆಲ್‌ಡಾರ್ಫ್‌ನಲ್ಲೋ ಬದುಕುವ ಮಾಲೀಕರು ತಮ್ಮ ಹೆಸರನ್ನು ಓಸ್ಟರ್‌ಹೋರ್ನ್‌ನ ಖಾಯಂ ನಿವಾಸಿಗಳೆಂದು ಬರೆಸಿ, ವರ್ಷಕ್ಕೆ ಐದಾರು ವಾರ ಬಂದುಹೋಗುತ್ತಿದ್ದರು. ಇದು ಮಂಡಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ.

ಈಸ್ಟರ್ ವಾರದ ಗುರುವಾರ ಮಂಡಳಿಯ ಬಹಿರಂಗ ಸಭೆ ಇತ್ತು. ರಜೆಗೆ ಬಂದಿದ್ದ ಮಾಲೀಕರೂ ಸೇರಿ ಸುಮಾರು ಅರವತ್ತು ಜನ. ಡಾ. ವಿಟ್ರಾಕ್ ಎಂಬ ಹ್ಯಾಂಬರ್ಗ್‌ನ ವಕೀಲ ಮೊದಲು ಎದ್ದ. ಶನಿವಾರ ಮಧ್ಯಾಹ್ನ ಸೈರನ್ ಪರೀಕ್ಷೆ ಮಾಡುವುದರಿಂದ ಅವನ ನಾಯಿಗಳು ಬೆದರುತ್ತಿದ್ದವು. ಸದ್ದು ಕಡಿಮೆ ಮಾಡಲಾದೀತೆ ಎಂದು ಕೇಳಿದ. ಹಾಯೆ, ಪರಿಶೀಲಿಸುತ್ತೇವೆ ಎಂದ.

ಇಂಕೆನ್ ಎದ್ದು ನಿಂತಳು. "ನನ್ನದೊಂದು ಪ್ರಶ್ನೆ. ನೀವು ನನಗೆ ಕೊಡ್ತಿರೋ ಮನೆ..."

"ಕ್ಷಮಿಸು ಇಂಕೆನ್," ಎಂದು ಹಾಯೆ ತಡೆದ. "ಪ್ರಶ್ನೆ ಕೇಳೋ ಹಕ್ಕು ಊರಿನ ನಿವಾಸಿಗಳಿಗೆ ಮಾತ್ರ. ನಿಯಮ."

ದಳದ ಮುಖ್ಯಸ್ಥ ನಿಸ್ ಟಾಡ್‌ಸೆನ್, ಅರವತ್ತಮೂರರ ದೊಡ್ಡ ಮೈಯ ಮೀನುಗಾರ, ಕುರ್ಚಿ ಹಿಂದೆ ತಳ್ಳಿ ಎದ್ದ.

"ನಾನು ನಿವಾಸಿ. ಅವಳು ನನ್ನ ಕಿವೀಲಿ ಹೇಳ್ತಾಳೆ, ನಾನು ನಿನಗೆ ಹೇಳ್ತೀನಿ. ಅದಕ್ಕೆ ನಿಯಮ ಇದ್ರೆ ಓದು."

ಇಂಕೆನ್ ಕಿವಿಯಲ್ಲಿ ಹೇಳಲಿಲ್ಲ. ಎಲ್ಲರಿಗೂ ಕೇಳುವಂತೆಯೇ ಹೇಳಿದಳು. ನಿಸ್ ಒಂದೊಂದು ಮಾತನ್ನೂ ಅವಳಿಗಿಂತ ಜೋರಾಗಿ ಮತ್ತೆ ಹೇಳಿದ. ಬೆಂಕಿ ಆರಿಸುವವಳನ್ನು ಬೇಸಿಗೆಯಲ್ಲಿ ಮನೆಯಿಂದ ಹೊರಗೆ ಹಾಕುವ ಕಲಮನ್ನು ಯಾರು ಬರೆದರು? ಆ ಎರಡು ತಿಂಗಳು ಆ ಹಾಸಿಗೆಯಲ್ಲಿ ಮಲಗುವವರು ಸೈರನ್ ಕೂಗಿದರೆ ಏಳುತ್ತಾರೆಯೇ? ನಾನೂರ ಹನ್ನೆರಡು ನಿವಾಸಿಗಳ ಊರಿಗೆ ಇನ್ನೂ ಹದಿನೆಂಟು ಜನ ಸ್ವಯಂಸೇವಕರು ಯಾಕೆ ಸಿಗುವುದಿಲ್ಲ?

ವಿಟ್ರಾಕ್ ಮತ್ತೆ ಎದ್ದ. ಅವನ ದನಿ ಮೆತ್ತಗಿತ್ತು. "ಈ ಹೆಂಗಸಿನ ಕಷ್ಟ ನನಗೆ ಅರ್ಥ ಆಗುತ್ತೆ. ಆದರೆ ಹೊರಗಿನವರು ಬಂದು ನಮ್ಮ ಊರಿನ ವ್ಯವಹಾರದಲ್ಲಿ ಮಾತಾಡೋದು ಸರಿಯಲ್ಲ. ನಾನು ನಾಲ್ಕು ವರ್ಷದಿಂದ ಇಲ್ಲಿನ ಖಾಯಂ ನಿವಾಸಿ."

"ಹೌದಾ?" ನಿಸ್ ಅವನ ಕಡೆ ತಿರುಗಿದ. "ಖಾಯಂ?"

"ಖಾಯಂ. ದಾಖಲೆ ನೋಡಿ."

"ವಯಸ್ಸೆಷ್ಟು ಸ್ವಾಮಿ?"

"ನಲವತ್ತಾರು. ಯಾಕೆ?"

"ಸ್ವಯಂಸೇವಕರು ಸಾಲದೆ ಹೋದ್ರೆ, ಹದಿನೆಂಟರಿಂದ ಐವತ್ತರೊಳಗಿನ ನಿವಾಸಿಗಳನ್ನ ಮಂಡಳಿ ಕಡ್ಡಾಯವಾಗಿ ದಳಕ್ಕೆ ಕರೀಬಹುದು. ಕಾನೂನು. ನೀವು ವಕೀಲರು, ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಪ್ರತಿ ಸೋಮವಾರ ಸಂಜೆ ಏಳಕ್ಕೆ ಕವಾಯತು. ನಿಮ್ಮ ಬೂಟಿನ ಅಳತೆ ಹೇಳಿ."

ಹಿಂದಿನ ಸಾಲಿನಿಂದ ಯಾರೋ, "ನಾಯಿಗಳನ್ನೂ ಕರ್ಕೊಂಡು ಬನ್ನಿ, ಸೈರನ್ ಅಭ್ಯಾಸ ಆಗುತ್ತೆ," ಎಂದರು. ನಗು ಎದ್ದಿತು.

"ಸೋಮವಾರ ನಾನು ಹ್ಯಾಂಬರ್ಗ್‌ನಲ್ಲಿ..." ಎಂದ ವಿಟ್ರಾಕ್. ಅಲ್ಲಿಗೇ ನಿಲ್ಲಿಸಿದ. ಸಭೆಯ ನಡಾವಳಿ ಬರೆಯುತ್ತಿದ್ದ ಗುಮಾಸ್ತೆ ತಲೆ ಎತ್ತದೆ ಅಷ್ಟನ್ನೂ ಬರೆದುಕೊಂಡಳು.

ನಿಸ್ ಅಲ್ಲಿಗೆ ಬಿಡಲಿಲ್ಲ. ಕಡ್ಡಾಯ ಸೇವೆಯ ಪಟ್ಟಿ ತಯಾರಿಸಬೇಕೆಂದು ಲಿಖಿತ ಅರ್ಜಿ ಕೊಟ್ಟ. ಅರ್ಜಿ ಬಂದ ಮೇಲೆ ಮಂಡಳಿ ಆ ವಯಸ್ಸಿನ ನಿವಾಸಿಗಳಿಗೆಲ್ಲ ನೋಟಿಸು ಕಳಿಸದೆ ಇರುವಂತಿರಲಿಲ್ಲ. ಏಪ್ರಿಲ್ ಹದಿಮೂರರ ಹೊತ್ತಿಗೆ ಮೂವತ್ತೊಂದು ಮನೆಗಳವರು ತಮ್ಮ ಹೆಸರುಗಳನ್ನು ದಾಖಲೆಯಿಂದ ತೆಗೆಸಿದ್ದರು. ತಾವು ಓಸ್ಟರ್‌ಹೋರ್ನ್‌ನಲ್ಲಿ ವಾಸಿಸುತ್ತಿಲ್ಲವೆಂದು ಸಹಿ ಹಾಕಿ ಕೊಟ್ಟಿದ್ದರು. ವಾಸವಿಲ್ಲದ ಮೇಲೆ ಪರವಾನಗಿಯ ಗತಿಯೇನು ಎಂದು ಕೇಳಿ ಜಿಲ್ಲಾ ಕಚೇರಿ ಮಂಡಳಿಗೆ ಪತ್ರ ಬರೆಯಿತು.

ಹದಿನಾಲ್ಕರಂದು ಹಾಯೆಯ ಫೋನ್ ಬಂತು. ಇಂಕೆನ್ ಶೆಡ್ಡಿನಲ್ಲಿ, ಹಾಲಿನ ಲಾರಿಯೊಂದರ ಕೆಳಗೆ ಮಲಗಿದ್ದಳು.

"ಮೂವತ್ತೊಂದು ಮನೆ ಇಂಕೆನ್! ನಿನ್ನಿಂದ ಊರೇ ಖಾಲಿಯಾಯ್ತು."

"ಇದ್ದವರು ಯಾರೂ ಹೋಗಿಲ್ಲ ಹಾಯೆ. ಇಲ್ಲದವರು ಇಲ್ಲ ಅಂತ ಬರೆದುಕೊಟ್ಟಿದ್ದಾರೆ."

"ಸರಿ, ಜಗಳ ಬೇಡ. ನಾಳೆ ಗಡುವು. ಸಂಬಳಕ್ಕೆ ಇನ್ನೂ ನೂರೈವತ್ತು ಸೇರಿಸ್ತೀವಿ. ಬಾ."

"ನಾಲ್ಕನೇ ಕಲಮು?"

"ಅದನ್ನ ಸಡಿಲ ಮಾಡಿದೀವಿ."

"ಅಂದ್ರೆ? ನಾನು ಮನೇಲಿರೋ ತಿಂಗಳುಗಳ ಹೆಸರು ಹೇಳು."

"ಮಗು ಥರ ಆಡಬೇಡ."

"ಹೇಳು."

ಹಾಯೆ ಜನವರಿಯಿಂದ ಶುರುಮಾಡಿದ. ಜೂನ್ ತನಕ ಸರಾಗವಾಗಿ ಬಂದ. ಆಮೇಲೆ ಗಂಟಲು ಸರಿಮಾಡಿಕೊಂಡ. "ಜುಲೈ ಮೊದಲ ವಾರ ಇರಬಹುದು. ಆಗಸ್ಟ್ ಕೊನೇ ವಾರನೂ ಪ್ರಯತ್ನ ಮಾಡ್ತೀವಿ. ನೋಡು, ನಮ್ಮ ಬಜೆಟ್ಟು..."

ಇಂಕೆನ್ ಫೋನ್ ಇಟ್ಟಳು. ಬೋಲ್ಟ್ ಬಿಗಿ ಮಾಡುವುದು ಬಾಕಿ ಇತ್ತು. ಅದನ್ನು ಮುಗಿಸಿಯೇ ಲಾರಿಯ ಕೆಳಗಿನಿಂದ ಹೊರಬಂದಳು.

ಸಂಜೆ ಅವಳು ಉತ್ತರ ಬರೆದಳು. ಮೂರೇ ಸಾಲು: ಹುದ್ದೆಯನ್ನು ಒಪ್ಪಿಕೊಳ್ಳುತ್ತಿಲ್ಲ; ಕಾರಣ ಕರಾರಿನ ನಾಲ್ಕನೇ ಕಲಮು; ಈ ಪತ್ರವನ್ನು ಸಭೆಯಲ್ಲಿ ಓದಬೇಕು, ಓದುವವರು ನಿವಾಸಿಯಾಗಿದ್ದರೆ ಸಾಕು. ಲಕೋಟೆ ಅಂಟಿಸದೆ ಮೊಮ್ಮೆಯ ಮುಂದಿಟ್ಟಳು. ಏಳೂ ನಲವತ್ತಕ್ಕೆ ಮನೆ ಸೇರಿದ್ದ ಅವನು ಇನ್ನೂ ಶೂ ಬಿಚ್ಚಿರಲಿಲ್ಲ.

"ನಿನ್ನ ಐವತ್ತು ಗಂಟೆ," ಎಂದಳು. "ನೀನು ಬೇಡ ಅಂದ್ರೆ ಹರಿದುಹಾಕ್ತೀನಿ. ನಿಜವಾಗ್ಲೂ."

ಮೊಮ್ಮೆ ಪತ್ರವನ್ನು ಎರಡು ಸಲ ಓದಿದ. ಮಂಡಿ ಒತ್ತಿಕೊಂಡ.

"ಇಷ್ಟು ಮರ್ಯಾದೆಯಾಗಿ ಯಾಕೆ ಬರೆದೆ?" ಎಂದ. ಲಕೋಟೆ ಅಂಟಿಸಿ ಕೋಟಿನ ಜೇಬಿಗೆ ಹಾಕಿಕೊಂಡ. "ನಾಳೆ ಗಡುವು ಅಲ್ವಾ? ಅಂಚೆ ಬೇಡ. ಹೇಗೂ ಆ ಕಡೆಗೇ ಹೋಗ್ತೀನಿ, ಹಾಯೆ ಕೈಗೇ ಕೊಟ್ಟು ಬರ್ತೀನಿ."