ಉಜ್ಜಬೇಡ, ಒತ್ತಿ ಒರೆಸು

ಬ್ಯಾಂಕಿನ ಗಾಜಿನ ಬಾಗಿಲಿಂದ ಪುಟಿದ ಬಿಸಿಲು ನೇರ ಕಣ್ಣಿಗೇ, ಪಕ್ಕದ ಗೋಡೆಯ ಮೇಲೆ ಆಳೆತ್ತರದ ಜಾಹೀರಾತು, ನಗುವ ಹೆಂಗಸು, ಅವಳ ಕೆನ್ನೆಯಲ್ಲಿ ಒಂದು ರಂಧ್ರವಿಲ್ಲ, ಒಂದು ಕೂದಲಿಲ್ಲ, ಚರ್ಮವೇ ಅಲ್ಲ ಅದು, ಮಗುಚಿಟ್ಟ ಪ್ಲಾಸ್ಟಿಕ್ ಮಗ್ಗಿನ ತಳ, ಇದನ್ನು ನೋಡಿಕೊಂಡೇ ಅಲ್ಲವೇ ಹೆಣ್ಣುಮಕ್ಕಳೆಲ್ಲ ತಮ್ಮ ಮುಖವನ್ನು ತಾವೇ ಸುಲಿದುಕೊಳ್ಳುವುದು — ಬಿಸಿಲಲ್ಲಿ ನಡೆಯುತ್ತಿರುವ ಇವಳ ಬಳಿ ಕೊಡೆಯಿಲ್ಲ, ಕೊಡೆಯನ್ನು ಮಗಳ ಕೈಗೆ ಕೊಟ್ಟು ಬಸ್ಸು ಹತ್ತಿಸಿ ಬಂದಿದ್ದಾಳೆ, ಕಿಟಕಿ ಪಕ್ಕ ಕೂರಬೇಡ, ಸ್ಕಾರ್ಫು ಮೂಗಿನವರೆಗೆ ಎಳ್ಕೋ, ಮನೆಗೆ ಹೋದ್ಮೇಲೆ ಮುಖ ಮುಟ್ಟಬೇಡ, ಮಗಳು ತಲೆಯಾಡಿಸಿದ್ದಳು, ನೀನೆಲ್ಲಿಗಮ್ಮ ಎಂದು ಕೇಳಿದ್ದಕ್ಕೆ ಒಂದು ಸಣ್ಣ ಕೆಲಸ ಇದೆ ಎಂದಿದ್ದಳು ಇವಳು, ಸಣ್ಣ ಕೆಲಸ, ಹೌದು, ಸ್ವಂತ ತಂಗಿಯ ಬ್ಯೂಟಿ ಪಾರ್ಲರಿಗೆ ನುಗ್ಗಿ ಅವಳ ಗ್ರಹಚಾರ ಬಿಡಿಸುವ ಸಣ್ಣ ಕೆಲಸ. ಹೆಗಲ ಚೀಲ ಹೆಜ್ಜೆಗೊಮ್ಮೆ ಸೊಂಟಕ್ಕೆ ಬಡಿಯುತ್ತದೆ, ಅದರೊಳಗಿನ ಡಬ್ಬಿ, ಅಂಗೈಯಗಲದ ಬಿಳೀ ಡಬ್ಬಿ, ಹೆಸರಿಲ್ಲ, ಊರಿಲ್ಲ, ಮುಚ್ಚಳದ ಮೇಲೊಂದು ಗುಲಾಬಿ ಹೂವಿನ ಸ್ಟಿಕ್ಕರು ಬಿಟ್ಟರೆ ಬೇರೇನೂ ಇಲ್ಲ, ಮಗಳ ಮುಖಕ್ಕೆಂದು ತಂಗಿ ಕೊಟ್ಟದ್ದು. ಇಪ್ಪತ್ತೆರಡು ವರ್ಷ ಸುಟ್ಟಗಾಯದ ವಾರ್ಡಿನಲ್ಲಿ ನರ್ಸು, ಚರ್ಮ ಎಂದರೆ ಏನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕುದಿಯುವ ನೀರು ಬಿದ್ದ ಮಗುವಿನ ಭುಜದ ಮೇಲೆ ಅಂಚಿನಿಂದ ಅಂಚಿಗೆ ಹೊಸ ಚರ್ಮ ಹಬ್ಬುವುದನ್ನು ವಾರಗಟ್ಟಲೆ ಕಾದವಳು, ಒಂದು ರೂಪಾಯಿಯಷ್ಟಗಲ ಬಂದರೆ ವಾರ್ಡೆಲ್ಲ ಹೇಳಿಕೊಂಡು ಬರುವವಳು, ಅಂಥವಳ ಮನೆಯಲ್ಲಿ, ಅಂಥವಳ ಮೂಗಿನ ಕೆಳಗೆ, ಏಳು ತಿಂಗಳು.

ಏಳು ತಿಂಗಳು ಎಂದು ಮಗಳು ಹೇಳಿದಾಗ ಚರ್ಮದ ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು, ಒಂದು ಗಂಟೆ ಆಯಿತೇನೋ ಅದಾಗಿ, ಡಬ್ಬಿಯ ಮುಚ್ಚಳ ತೆಗೆದು ಮೂಸಿದರು, ಬೆರಳ ತುದಿಯಲ್ಲಿ ತಿಕ್ಕಿ ನೋಡಿದರು, ಇದರಲ್ಲಿ ಸ್ಟೆರಾಯ್ಡ್ ಬೆರೆಸಿರ್ತಾರೆ, ಈ ವರ್ಷ ನಾನು ನೋಡ್ತಿರೋ ಎಷ್ಟನೇ ಡಬ್ಬಿಯೋ ಇದು, ಎಂದು ಬೇಸರದಿಂದ ಹೇಳಿದರು, ಪ್ರತಿ ಡಬ್ಬಿಯ ಹಿಂದೆಯೂ ಇಂಥದೇ ಒಂದು ಮುಖ ಎನ್ನುವ ಹಾಗೆ ಮಗಳ ಕಡೆ ನೋಡಿದರು. ಮಗಳು ಸ್ಕಾರ್ಫು ಬಿಚ್ಚಿ ಕುಳಿತಿದ್ದಳು, ಟ್ಯೂಬ್‌ಲೈಟಿನ ಕೆಳಗೆ ಆ ಮುಖ ಹೊಳೆಯುತ್ತಿತ್ತು, ಆರೋಗ್ಯದ ಹೊಳಪಲ್ಲ, ಉಬ್ಬಿ ಬಿಗಿದ ಚರ್ಮದ ಹೊಳಪು, ಗಲ್ಲದ ಸುತ್ತ ಸಣ್ಣ ಕೀವಿನ ಗುಳ್ಳೆಗಳು, ಹತ್ತೊಂಬತ್ತು ವರ್ಷದ ಮುಖ. ನೀವು ನರ್ಸಲ್ವಾ, ಬನ್ನಿ ನೋಡಿ, ಎಂದು ಡಾಕ್ಟರು ಭೂತಗನ್ನಡಿಯನ್ನು ಅವಳ ಕೈಗೇ ಕೊಟ್ಟುಬಿಟ್ಟರು — ನೋಡಿದಳು, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಾದ ಚರ್ಮ, ಅದರಡಿಯಲ್ಲಿ ಕೆಂಪು ಎಳೆಗಳು, ಕೂದಲಿಗಿಂತ ಸಣ್ಣ, ಕವಲೊಡೆದು ಕವಲೊಡೆದು ಕೆನ್ನೆಯ ತುಂಬ, ಒಂದು ಎಳೆ ಕಣ್ಣಿನ ಕೆಳಗಿನವರೆಗೂ ಹೋಗಿ ಅಲ್ಲೇ ನಿಂತಿತ್ತು. ಕೈ ನಡುಗಲಿಲ್ಲ, ಅವಳ ಕೈ ನಡುಗುವುದಿಲ್ಲ, ಅದಕ್ಕೇ ವಾರ್ಡಿನಲ್ಲಿ ಕಷ್ಟದ ಡ್ರೆಸ್ಸಿಂಗಿಗೆಲ್ಲ ಅವಳನ್ನೇ ಕರೆಯುವುದು. ಡಾಕ್ಟರು ಮುಂದೆ ಹೇಳಿದ್ದೆಲ್ಲ ಕಿವಿಗೆ ಬಿತ್ತು, ಒಮ್ಮೆಗೇ ಬಿಡೋ ಹಾಗಿಲ್ಲ, ನಾನು ಬರೆದುಕೊಡೋ ಕಮ್ಮಿ ಪವರಿನ ಕ್ರೀಮಿನಲ್ಲಿ ಇಳಿಸ್ತಾ ಬರಬೇಕು, ಬಿಡುವಾಗ ಮೊದಲು ಇನ್ನೂ ಹದಗೆಡತ್ತೆ, ಉರಿಯತ್ತೆ, ಊದತ್ತೆ, ಹೆದರಿ ವಾಪಸ್ ಆ ಡಬ್ಬಿಗೆ ಕೈ ಹಾಕಿದ್ರೆ ಕಥೆ ಮತ್ತೆ ಶುರುವಿಂದ, ಆರು ತಿಂಗಳೋ ವರ್ಷವೋ ಈಗಲೇ ಹೇಳಕ್ಕಾಗಲ್ಲ. ಅದು ಬಿಟ್ಟು ಮತ್ತೆ ಏನು ಹಚ್ಚಲಿ ಎಂದು ಮಗಳು ಕೇಳಿದಳು, ಅದಕ್ಕೆ ಅವರು ಬೆರಳು ಮಡಿಸುತ್ತ ಹೇಳಿದ್ದು ಮೂರೇ ಮಾತು, ಸೌಮ್ಯವಾದದ್ದರಲ್ಲಿ ಮುಖ ತೊಳಿ, ಒದ್ದೆ ಆರೋ ಮೊದಲು ತೇವದ ಕ್ರೀಮು, ಹೊರಗೆ ಹೊರಟಾಗ ಸನ್‌ಸ್ಕ್ರೀನು, ಅಷ್ಟೇನಾ ಎಂದಳು ಮಗಳು, ಅಷ್ಟೇ ಎಂದರು ಅವರು, ಮಗಳು ಅಮ್ಮನ ಕಡೆ ನೋಡಲಿಲ್ಲ.

ಹೇಗೆ ನೋಡುತ್ತಾಳೆ, ಆ ಮೂರು ಮಾತನ್ನು ಹದಿಮೂರನೇ ವಯಸ್ಸಿನಿಂದ ಕೇಳಿ ಕೇಳಿ ಕಿವಿ ತೂತಾಗಿದೆ ಎನ್ನುತ್ತಿದ್ದವಳು, ಉಗುರು ಬೆಚ್ಚಗಿನ ನೀರು ಸಾಕು, ದಿನಕ್ಕೆ ಎರಡು ಸಲ ತೊಳೆದರೆ ಸಾಕು, ಟವೆಲಿನಲ್ಲಿ ಉಜ್ಜಬೇಡ, ಒತ್ತಿ ಒರೆಸು, ದಿಂಬಿನ ಕವರು ಒಗೆಯಲು ಹಾಕು, ಹೊಸ ಕ್ರೀಮು ತಂದರೆ ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ಕಾಯಿ, ಮೊಡವೆಗೆ ಉಗುರು ತಾಗಿಸಿದರೆ ಕೈ ಮುರೀತೀನಿ, ಮೋಡ ಇದ್ದರೂ ಬಿಸಿಲು ಬಿಸಿಲೇ — ನಿನ್ನ ಸಲಹೆಗಳು ನೀರಿದ್ದ ಹಾಗೆ ಅಮ್ಮ, ರುಚಿಯೇ ಇಲ್ಲ, ಎಂದು ಮಗಳು ನಕ್ಕಿದ್ದಳು, ಇವಳೂ ನಕ್ಕಿದ್ದಳು, ಅದು ಮೊದಲಿನ ಮಾತು, ಮಗಳು ಕನ್ನಡಕದ ಅಂಗಡಿಗೆ ಸೇರುವ ಮೊದಲಿನದು. ಆ ಅಂಗಡಿಯ ಮ್ಯಾನೇಜರು, ಅವನ ನಾಲಗೆ ಸೇದಿಹೋಗಲಿ, ತಲೆಯ ಮೇಲೆ ನಾಲ್ಕು ಕೂದಲನ್ನು ಆ ಕಿವಿಯಿಂದ ಈ ಕಿವಿಗೆ ಹಾಸಿಕೊಂಡಿರುವವನು ಇವಳ ಮಗಳ ಮುಖಕ್ಕೆ ಮಾರ್ಕು ಹಾಕಿದ, ಗಿರಾಕಿಗಳು ಬರೋದು ಫ್ರೇಮು ನೋಡಕ್ಕೆ, ಮೊಡವೆ ಎಣಿಸಕ್ಕಲ್ಲ, ಸ್ವಲ್ಪ ದಿನ ಒಳಗಡೆ ಲೆನ್ಸ್ ಒರೆಸ್ತಾ ಇರು, ಮುಖ ಸರಿಹೋದ್ಮೇಲೆ ಕೌಂಟರಿಗೆ ಬಾ. ಮಗಳು ಮನೆಯಲ್ಲಿ ಹೇಳಲಿಲ್ಲ, ಚಿಕ್ಕಮ್ಮನ ಹತ್ತಿರ ಹೋಗಿ ಹೇಳಿದಳು, ಯಾಕೆಂದರೆ ಅಮ್ಮ ಏನು ಹೇಳುತ್ತಾಳೆಂದು ಗೊತ್ತಲ್ಲ, ನೀರು, ಟವೆಲು, ದಿಂಬಿನ ಕವರು, ಚಿಕ್ಕಮ್ಮನ ಹತ್ತಿರವಾದರೆ ಗುಲಾಬಿ ಹೂವಿನ ಡಬ್ಬಿ. ಹದಿನೈದೇ ದಿನ, ಮುಖ ಸುಲಿದ ಮೊಟ್ಟೆಯ ಹಾಗೆ, ಒಂದು ಕಲೆ ಇಲ್ಲ, ಮ್ಯಾನೇಜರು ಕೌಂಟರಿಗೆ ಕರೆದ, ಪಕ್ಕದ ಮನೆಯವಳು ಏನು ಹಚ್ತೀಯ ಎಂದು ಕೇಳಿದಳು, ಮತ್ತು ಒಂದು ಭಾನುವಾರ ಬೆಳಿಗ್ಗೆ ಮಗಳು ಅಡುಗೆಮನೆಗೆ ಬಂದು ಕಣ್ಣು ಮುಚ್ಚಿ ಮುಖ ಎತ್ತಿ ನಿಂತು, ನೋಡಮ್ಮ — ಬೇಡ, ಅದು ಈಗ ಬೇಡ, ಸಿಗ್ನಲ್ಲು ಬಿತ್ತು, ದಾಟಬೇಕು, ಸ್ಕೂಟರಿನವನೊಬ್ಬ ಕಾಲ ಮೇಲೇ ಹತ್ತಿಸುವ ಹಾಗೆ ಬಂದ, ಕಣ್ಣು ಕಾಣ್ಸಲ್ವಾ ಎಂದು ಅವನಿಗೆ ಕೂಗಿದಳು, ಕೂಗಿದ ಮೇಲೆ ಮಾತು ತನ್ನ ಕಿವಿಗೇ ಬಿತ್ತು, ಕಣ್ಣು ಕಾಣ್ಸಲ್ವಾ, ಯಾರಿಗೆ, ನೋಡಮ್ಮ ಎಂದು ಮಗಳು ಮುಖ ಒಡ್ಡಿ ನಿಂತಾಗ ಇವಳು ಏನೆಂದಳು, ಏನು ಹಚ್ಚಿದೆ ಎಂದು ಕೇಳಿದಳೇ, ಬೆಳಕಿಗೆ ಕರೆದು ನೋಡಿದಳೇ, ಇಲ್ಲ, ಈಗ ನೋಡು, ಈಗ ನನ್ನ ಮಗಳು ಅಂತ ಹೇಳ್ಕೋಬಹುದು ಎಂದಳು, ತಮಾಷೆಗೆ, ತಮಾಷೆಗೇ, ಮಗಳ ಮುಖ ಅರಳಿತು, ಆ ಒಂದು ಮಾತಿಗೆ ಎಷ್ಟು ತಿಂಗಳು ಹಚ್ಚಿಕೊಂಡಿರಬಹುದು, ಎಳೆಗಳು ಅವತ್ತೇ ಕವಲೊಡೆಯಲು ಶುರುವಾಗಿದ್ದವೋ ಏನೋ.

ಆದರೆ ಕೊಟ್ಟವಳು ತಂಗಿ, ಕೊಟ್ಟವಳು ತಂಗಿ, ಅದನ್ನು ಬಿಡಬಾರದು, ಸಿಟ್ಟು ಸೋರಿಹೋಗದಂತೆ ಆ ಮಾತನ್ನೇ ಹಿಡಿದುಕೊಂಡು ನಡೆದಳು, ಬೀಗ ರಿಪೇರಿಯವನ ಅಂಗಡಿ, ಪ್ರಿಂಟಿಂಗ್ ಅಂಗಡಿ, ಅದರ ಮೇಲ್ಮಹಡಿಯಲ್ಲಿ ಪಾರ್ಲರು, ಕಬ್ಬಿಣದ ಮೆಟ್ಟಿಲು, ಒಂದೊಂದು ಮೆಟ್ಟಿಲಿಗೂ ಒಂದೊಂದು ಮಾತು ಜೋಡಿಸಿಕೊಂಡಳು, ನಿನಗೆ ಮಕ್ಕಳಿಲ್ಲ ಅಂತ ನನ್ನ ಮಗಳ ಮೇಲೆ — ಅದು ಹೇಳಬಾರದು, ಹೇಳಿದರೆ ಏನು, ಹೇಳುತ್ತೇನೆ, ಮುಖಕ್ಕೆ ಏನು ಹಾಕ್ತೀಯ ಅಂತ ಓದಿ ನೋಡಕ್ಕೆ ಅಕ್ಷರ ಬರಲ್ವಾ, ಬ್ಯಾಂಡೇಜಕ್ಕ ಬ್ಯಾಂಡೇಜಕ್ಕ ಅಂತ ಆಡಿಕೊಳ್ಳಕ್ಕೆ ಬರತ್ತೆ, ಒಂದು ಮಾತು ಕೇಳಕ್ಕೆ ಬರಲ್ವಾ. ಚಿಕ್ಕಂದಿನಿಂದಲೂ ತಂಗಿಯದು ಇದೇ, ಕನ್ನಡಿ ಬಿಟ್ಟು ಏಳುವವಳಲ್ಲ, ಎಂದುಕೊಂಡಾಗ ಕನ್ನಡಿಯ ಬದಲು ಒಂದು ಫೋಟೋ ಕಣ್ಣಿಗೆ ಬಂತು, ಮಾವನ ಮದುವೆಯದು, ಎಲ್ಲರೂ ಸಾಲಾಗಿ ನಿಂತಿದ್ದಾಗ ಅತ್ತೆ ಒಬ್ಬಳು ತಂಗಿಯ ಹೆಗಲು ಹಿಡಿದು, ಈ ಕರಿಗುಂಡನ್ನ ಹಿಂದೆ ನಿಲ್ಸಿ, ಫೋಟೋ ಕಪ್ಪಾಗತ್ತೆ, ಎಂದು ನಕ್ಕಿದ್ದಳು, ಎಲ್ಲರೂ ನಕ್ಕಿದ್ದರು, ಒಂಬತ್ತು ವರ್ಷದ ತಂಗಿಯೂ ನಕ್ಕಳು, ಆ ಫೋಟೋದಲ್ಲಿ ಅವಳದು ಅರ್ಧ ಹಣೆ ಮಾತ್ರ ಇದೆ, ಮುಂದಿನ ಸಾಲಿನಲ್ಲಿ ಇವಳು, ಹನ್ನೆರಡು ವರ್ಷದ ಅಕ್ಕ, ಬಿಳಿ ಫ್ರಾಕು, ಹಲ್ಲು ಬಿಟ್ಟುಕೊಂಡು. ಇರಲಿ, ಅದಕ್ಕೂ ಇದಕ್ಕೂ ಏನು ಸಂಬಂಧ, ಎಂದು ಬಾಗಿಲು ತಳ್ಳಿದಳು.

ತಣ್ಣನೆ ಗಾಳಿ, ಶಾಂಪೂ ವಾಸನೆ, ಕುರ್ಚಿಯಲ್ಲಿ ಒರಗಿ ಮಲಗಿದ್ದ ಗಿರಾಕಿ ಹೆಂಗಸು, ಮುಖದ ತುಂಬ ಬಿಳಿ ಲೇಪ, ಕಣ್ಣ ಮೇಲೆ ಹತ್ತಿ, ತಂಗಿ ಕೈ ಒರೆಸಿಕೊಳ್ಳುತ್ತ ತಿರುಗಿ, ಅರೆ ಬ್ಯಾಂಡೇಜಕ್ಕ, ಈ ಹೊತ್ತಲ್ಲಿ, ಎಂದಳು, ಇವಳು ಚೀಲದಿಂದ ಡಬ್ಬಿ ತೆಗೆದು ಕೌಂಟರಿನ ಮೇಲೆ ಕುಕ್ಕಿದಳು, ಹಿಂದಿನ ಕಪಾಟಿನಲ್ಲಿ ಅಂಥದೇ ಗುಲಾಬಿ ಹೂವಿನ ಡಬ್ಬಿಗಳು ಒಂದರ ಮೇಲೊಂದು. ಜೋಡಿಸಿಕೊಂಡ ಮಾತುಗಳೆಲ್ಲ ಒಟ್ಟಿಗೇ ಬಂದವು, ಮೆಲ್ಲಗೆ, ವಾರ್ಡಿನಲ್ಲಿ ಮಾತಾಡುವಷ್ಟೇ ಮೆಲ್ಲಗೆ, ಸ್ಟೆರಾಯ್ಡು, ಡಾಕ್ಟರು, ಒಂದು ವರ್ಷ, ಹತ್ತೊಂಬತ್ತು ವಯಸ್ಸಿನ ಹುಡುಗಿ ಕಣೇ, ಮಕ್ಕಳಿಲ್ಲದವಳು ಎಂಬ ಮಾತನ್ನೂ ಹೇಳಿಯೇಬಿಟ್ಟಳು, ಹೇಳಿ ಕಾದಳು, ತಂಗಿ ಬೈಯಲಿ, ಎದುರು ಮಾತಾಡಲಿ, ಜಗಳವಾಗಲಿ. ತಂಗಿ ಡಬ್ಬಿಯನ್ನು ನೋಡುತ್ತ ನಿಂತಳು, ಬಿಡ್ಸೋಕೆ ಶುರು ಮಾಡಿದ್ರಾ ಎಂದು ಕೇಳಿದಳು, ಅಷ್ಟೇ, ಮತ್ತೆ, ಮೂರನೇ ದಿನ ಜಾಸ್ತಿ ಉರಿಯತ್ತೆ, ಐಸು ಇಡಬೇಡಿ, ಒದ್ದೆ ಬಟ್ಟೆ ಸಾಕು, ಎಂದಳು. ನಿನಗೆ ಹೇಗೆ ಗೊತ್ತು ಎಂದು ಇವಳು ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ, ಮೊದಲ ಸಲ ತಂಗಿಯ ಮುಖವನ್ನು ನೋಡಿದಳು, ಬೆಳಿಗ್ಗೆ ಏಳಕ್ಕೇ ಹಚ್ಚಿಕೊಂಡು ಕೂರುವ ಆ ಬಣ್ಣದ ಪದರವನ್ನು, ಕತ್ತಿನ ಹತ್ತಿರ ಅದು ಮುಗಿಯುವ ಗೆರೆಯನ್ನು, ಕೌಂಟರಿನ ಮೇಲಿದ್ದ ಹತ್ತಿ ತೆಗೆದು ನೀರಿನಲ್ಲಿ ಅದ್ದಿದಳು, ಬೇಡ ಅಕ್ಕ ಎಂದಳು ತಂಗಿ, ಇವಳು ತಂಗಿಯ ಗಲ್ಲ ಹಿಡಿದು, ಸಿಟ್ಟಿನಲ್ಲೇ ಹಿಡಿದು, ಗಾಯದ ಮೇಲಿನ ಪಟ್ಟಿ ಬಿಡಿಸುವ ಹಾಗೆ ಒತ್ತಿ ಒತ್ತಿ ತೆಗೆದಳು, ಒಂದು ಹತ್ತಿ, ಎರಡು ಹತ್ತಿ, ಮೂರನೆಯದಕ್ಕೆ ಕೆನ್ನೆ ಸಿಕ್ಕಿತು.

ಎಷ್ಟು ವರ್ಷ ಎಂದು ಕೇಳಿದಳು, ಆರು ಎಂದಳು ತಂಗಿ, ಎಷ್ಟು ಸಲ ಬಿಡಕ್ಕೆ ನೋಡಿದೆ ಅಂತ ಲೆಕ್ಕ ಇಲ್ಲ, ಬಿಟ್ಟರೆ ಯಾವ ಗಿರಾಕಿ ಬರ್ತಾರೆ ಈ ಮುಖ ನೋಡಿ, ಗೊತ್ತಿದ್ದೂ ಕೊಟ್ಟೆಯಾ ಎಂದಳು ಇವಳು, ದನಿ ಏರಿತು, ಗೊತ್ತಿದ್ದೂ ನನ್ನ ಮಗಳಿಗೆ. ಎರಡೇ ತಿಂಗಳು ಹಚ್ಚಿಸಿ ಬಿಡಿಸಬೇಕು ಅಂದ್ಕೊಂಡಿದ್ದೆ, ಎಂದಳು ತಂಗಿ, ಅಳ್ತಾ ಬಂದಿದ್ಲು ಅಕ್ಕ, ಹಿಂದೆ ನಿಲ್ಲಿಸಿದಾರೆ ಅಂತ ಅಳ್ತಾ ಬಂದಿದ್ಲು, ನಾನೇನು ಹೇಳ್ಲಿ, ಬಿಡಮ್ಮ ನಿಂತ್ಕೋ ಅಂತ ಹೇಳ್ಲಾ, ಆಮೇಲೆ ಅವಳೇ ಬಂದು ಇನ್ನೊಂದು ಡಬ್ಬಿ ತಗೊಂಡು ಹೋದ್ಲು, ಬೇಡ ಅಂದ್ರೆ ಅಮ್ಮ ಚೆನ್ನಾಗಿದೆ ಅಂದ್ಲು ಅಂತಾಳೆ — ಇವಳಿಗೆ ಹೊಡೆಯಬೇಕೆನಿಸಿತು, ಕೈ ಎತ್ತಿದರೆ ಹೊಡೆಯಬೇಕಾದ ಜಾಗವೇ ಇಲ್ಲ, ಆ ಕೆನ್ನೆ ಹೊಡೆತ ತಡೆಯುವ ಕೆನ್ನೆಯಲ್ಲ, ಆಗ ಕುರ್ಚಿಯಲ್ಲಿದ್ದ ಹೆಂಗಸು ಕಣ್ಣ ಮೇಲಿನ ಹತ್ತಿ ತೆಗೆಯದೆಯೇ, ನಂದು ತೊಳೀಬಹುದಾ, ಚುರುಚುರು ಅಂತಿದೆ, ಎಂದಳು. ತಂಗಿ ಅಲುಗಲಿಲ್ಲ, ಇವಳೇ ಹೋದಳು, ನಲ್ಲಿಯ ನೀರನ್ನು ಮಣಿಕಟ್ಟಿನ ಮೇಲೆ ಹರಿಸಿ ಬಿಸಿ ನೋಡಿ, ಯಾರೆಂದೇ ಗೊತ್ತಿಲ್ಲದ ಆ ಮುಖವನ್ನು ಬೆರಳ ತುದಿಗಳಿಂದ ತೊಳೆದಳು, ಇದೂ ಆ ಗುಲಾಬಿ ಡಬ್ಬಿಯದೇ, ಔಷಧಿ ಬೆರೆಸಿದ್ದಾರೆ, ಇನ್ನು ಹಚ್ಚಬೇಡಿ, ಈ ಸಲ ದುಡ್ಡು ಕೊಡೋದು ಬೇಡ ಎಂದಳು, ಹೆಂಗಸು ಗಾಬರಿಯಾಗಿ ಚಪ್ಪಲಿ ಮೆಟ್ಟಿ ಇಳಿದುಹೋದಳು, ಮೆಟ್ಟಿಲು ಢಣಢಣ ಎಂದಿತು. ಕಪಾಟಿನ ಡಬ್ಬಿಗಳನ್ನು ಒಂದೊಂದಾಗಿ ಕಸದ ಚೀಲಕ್ಕೆ ಹಾಕಿದಳು, ಹನ್ನೊಂದು ಬಿದ್ದವು, ತಂಗಿ ತಡೆಯಲಿಲ್ಲ, ಹನ್ನೆರಡನೆಯದನ್ನು ಮಾತ್ರ ಎತ್ತಿ ತಂಗಿಯ ಎದುರಿಗಿಟ್ಟಳು, ಇದು ಒಮ್ಮೆಗೇ ಬಿಡೋ ಹಾಗಿಲ್ಲ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅದೇ ಡಾಕ್ಟರು, ನಾನೇ ಬಂದು ಕರ್ಕೊಂಡು ಹೋಗ್ತೀನಿ, ಮಾತಾಡಬೇಡ, ನಿನ್ನ ಮೇಲೆ ನನ್ನ ಸಿಟ್ಟು ಇಳಿದಿಲ್ಲ, ಎಂದಳು, ತಂಗಿ ಮುಖ ಎತ್ತಿದಳು, ಎದುರಿಗೆ ಆಳೆತ್ತರದ ಕನ್ನಡಿ, ಸುತ್ತ ಬಲ್ಬುಗಳು, ಬೇಕಾದಷ್ಟು ಬೆಳಕು, ಆರು ವರ್ಷ ಪ್ರತಿ ಭಾನುವಾರ ಒಂದೇ ಮೇಜಿನ ಎದುರುಬದುರು ಕೂತು ಉಂಡದ್ದು, ಉಪ್ಪು ಕೊಡು, ನೀರು ಕೊಡು ಎಂದದ್ದು, ಹೊರಗಿನವರ ಚರ್ಮವನ್ನು ಇಂಚಿಂಚು ಬಲ್ಲವಳು ಉಪ್ಪಿನ ಕಡೆಗೆ ನೋಡಿದಳು, ನೀರಿನ ಕಡೆಗೆ ನೋಡಿದಳು, ತಂಗಿಯ ಮುಖದ ಕಡೆಗಲ್ಲ, ನಾಳೆ ರಜೆ ಹಾಕಬೇಕು, ಮಗಳು ಮನೆ ಸೇರಿರಬಹುದು, ಫೋನು ಮಾಡಬೇಕು, ಮಾಡಿ ಏನು ಹೇಳುವುದು, ಉರಿಯುತ್ತಿದೆಯಾ ಎಂದು ಕೇಳಬೇಕು, ಕೇಳಬೇಕು — ತಂಗಿಯ ಕೆನ್ನೆ, ತೊಳೆದ ಕೆನ್ನೆ, ಅದರಲ್ಲಿ ಕೆಂಪು ಎಳೆಗಳು, ಕವಲೊಡೆದು, ಮತ್ತೆ ಕವಲೊಡೆದು, ಭೂತಗನ್ನಡಿಯೇ ಬೇಕಿಲ್ಲದೆ, ಕೆಂಪು ಎಳೆಗಳು