ಹೊರಗಿನ ಬಲ

ಅತ್ತೆಯ ಕಾಲು ಬಚ್ಚಲಿನ ಬಾಗಿಲಿಗೆ ಬಂದು ನೆಲಕ್ಕೆ ಅಂಟಿಕೊಳ್ಳುತ್ತದೆ. ನಡುಕದ ಕಾಯಿಲೆ. ಮಂಚದಿಂದ ಅಲ್ಲಿಯವರೆಗೆ ಹೇಗೋ ಬರುತ್ತಾರೆ. ಹೊಸ್ತಿಲು ಕಂಡ ಕೂಡಲೇ ನಿಂತುಬಿಡುತ್ತಾರೆ. ಆಗ ಕಣ್ಣು ಮುಚ್ಚಿ, "ತಳ್ಳಪ್ಪಾ ತಂದೆ" ಎಂದು ದೇವರನ್ನು ಕರೆಯುತ್ತಾರೆ.

ಹೋದ ವಾರ ತಳ್ಳಿದ್ದು ನಾನು. ಕಾಲೇಜಿನಲ್ಲಿ ಚಲನೆಯ ನಿಯಮ ಕಲಿಸುವವಳು. ನಿಂತ ವಸ್ತು ಹೊರಗಿನ ಬಲ ಬೀಳದೆ ಕದಲದು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವಳು. ಬೆನ್ನಿಗೆ ಮೆಲ್ಲಗೇ ಕೈ ಕೊಟ್ಟೆ. ಮೈ ಮುಂದೆ ಹೋಯಿತು, ಪಾದ ಹೋಗಲಿಲ್ಲ.

"ಅವನ ಕೆಲಸಕ್ಕೆ ನೀನ್ಯಾಕಮ್ಮ ಕೈ ಹಾಕೋಕೆ ಹೋದೆ?" ಎಂದರು, ಬಿದ್ದಲ್ಲಿಂದಲೇ, ಊದುತ್ತಿದ್ದ ಮಣಿಕಟ್ಟು ಹಿಡಿದುಕೊಂಡು.

ವ್ಯಾಯಾಮ ಮಾಡಿಸಲು ಬರುವಾಕೆ ಹೊಸ್ತಿಲ ಈಚೆಗೆ ಕೆಂಪು ಟೇಪು ಅಂಟಿಸಿ, "ಯಾರೂ ತಳ್ಳಬೇಡಿ. ಗೆರೆ ದಾಟೋ ಹಾಗೆ ಅವರೇ ಕಾಲೆತ್ತಲಿ" ಎಂದು ಹೇಳಿ ಹೋದಳು. ನನ್ನ ರಜೆ ಮುಗಿದಿತ್ತು. ಹಗಲು ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಅವರು ಒಬ್ಬರೇ ಬಚ್ಚಲಿಗೆ ಹೋಗಿಬಂದರೆ ನನ್ನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಬಿಡಬೇಕು.

ಇವತ್ತು ಚೀಲ ಹೆಗಲಿಗೆ ಹಾಕಿಕೊಂಡೇ ಅವರ ಹಿಂದೆ ನಿಂತೆ.

"ಗೆರೆ ನೋಡಿ, ಅತ್ತೆ."

"ನಿಮ್ಮ ಪಾಠದಲ್ಲಿ ಎಲ್ಲಾದನ್ನೂ ಮೊದಲು ತಳ್ಳಿದ್ದು ಯಾರು ಅಂತ ಇದೆಯಾ?"

"ಇಲ್ಲ."

"ಪರೀಕ್ಷೆಗೆ ಬರಲ್ಲ ಅಂತ ಬಿಟ್ಟಿರ್ತೀರಿ. ಹೋಗು ನೀನು. ಹಿಂದೆ ಉಸಿರು ಬಿಡ್ತಾ ನಿಂತ್ರೆ ಅವನು ಎಲ್ಲಿ ನಿಲ್ಲಬೇಕು?"

ವಾದಕ್ಕೆ ತ್ರಾಣವಿರಲಿಲ್ಲ. ಹೊರಬಂದು ಬಾಗಿಲು ಎಳೆದುಕೊಂಡೆ. ಮೆಟ್ಟಿಲು ಇಳಿಯದೆ ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಬಿದ್ದರೆ ಯಾವ ಕಡೆ ಬೀಳುತ್ತಾರೆ, ತಲೆ ಯಾವುದಕ್ಕೆ ತಾಗುತ್ತದೆ ಎಂದೆಲ್ಲ ಲೆಕ್ಕ ಹಾಕಿದೆ. ಮೇಲಿನ ಮನೆಯವರು ಇಳಿದು ಬಂದು, "ಬೀಗದ ಕೈ ಮರೆತ್ರಾ?" ಎಂದರು. ಹೌದೆಂದು ತಲೆಯಾಡಿಸಿದೆ.

"ತಳ್ಳಪ್ಪಾ" ಎಂದದ್ದು ಕೇಳಿಸಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಹೆಜ್ಜೆ, ಇನ್ನೊಂದು, ನಲ್ಲಿಯ ನೀರು. ಗೆರೆಯೋ ಅವನೋ ಎಂದು ಯೋಚಿಸುವ ಮನಸ್ಸೂ ಉಳಿದಿರಲಿಲ್ಲ. ಯಾರಾದರೂ ಸರಿ, ಸಂಜೆಯವರೆಗೆ ಮನೆಯಲ್ಲಿರಲಿ.

ನೀರು ನಿಂತಿತು. ಇನ್ನು ಅದೇ ಹೊಸ್ತಿಲು ದಾಟಿ ವಾಪಸು ಬರಬೇಕು. ಒಳಬದಿಗೆ ಟೇಪು ಅಂಟಿಸಿಲ್ಲವೆಂಬುದು ಆಗ ಹೊಳೆಯಿತು.

ಬೀಗದ ಕೈ ಚೀಲದಿಂದ ತೆಗೆದು ಬಾಗಿಲಿಗೆ ಹಾಕಿದೆ. ತಿರುಗಿಸಲಿಲ್ಲ. ಮೆಟ್ಟಿಲ ಮೇಲೆ ಕೂತೆ.

ಮಂಚ ಕಿರುಗುಟ್ಟುವಷ್ಟರಲ್ಲಿ ಮೊದಲ ತರಗತಿ ತಪ್ಪಿಹೋಗಿತ್ತು. ಎರಡನೆಯದಕ್ಕೆ ಹೊರಟೆ.